ಅಪ್ಪನಿಗೆ ಮರೆವು, ಅಮ್ಮನಿಗೆ?

1901ರ ನವೆಂಬರ್ 25. ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಮಾನಸಿಕ ಆಸ್ಪತ್ರೆಗೆ ಆಗುಸ್ಟೆ ಡೀಟರ್ ಎಂಬ ಹೆಂಗಸು ದಾಖಲಾದಳು. ವಯಸ್ಸು 51. ಗಂಡ ಕಾರ್ಲ್, ರೈಲ್ವೆಯಲ್ಲಿ ಗುಮಾಸ್ತ. ಮದುವೆಯಾಗಿ 28 ವರ್ಷ, ಒಬ್ಬಳು ಮಗಳು. ಮರುದಿನ ಅವಳನ್ನು ಪರೀಕ್ಷೆ ಮಾಡಿದ ವೈದ್ಯರ ಹೆಸರು ಅಲೋಯಿಸ್ ಅಲ್ಝೈಮರ್. ನಿಮ್ಮ ಹೆಸರೇನು ಅಂತ ಕೇಳಿದರು. ಆಗುಸ್ಟೆ ಅಂದಳು. ಮನೆತನದ ಹೆಸರು? ಅದಕ್ಕೂ ಆಗುಸ್ಟೆ. ಗಂಡನ ಹೆಸರು? ಅದಕ್ಕೂ ಆಗುಸ್ಟೆ. ಮಧ್ಯಾಹ್ನದ ಊಟಕ್ಕೆ ಹೂಕೋಸು, ಹಂದಿಮಾಂಸ ಕೊಟ್ಟಿದ್ದರು. ಏನು ತಿನ್ನುತ್ತಿದ್ದೀರಿ ಅಂದರೆ ಪಾಲಕ್ ಅಂದಳು.

ಈ ಕತೆಯ ಮುಂದಿನ ಭಾಗ ನಿಮ್ಮಲ್ಲಿ ಹಲವರಿಗೆ ಗೊತ್ತಿರಬಹುದು. 1906ರ ಏಪ್ರಿಲ್‌ನಲ್ಲಿ ಆಗುಸ್ಟೆ ತೀರಿಕೊಂಡಳು. ಅಲ್ಝೈಮರ್ ಅವಳ ಮೆದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಅದೇ ನವೆಂಬರ್ 3ರಂದು ಟ್ಯೂಬಿಂಗನ್‌ನಲ್ಲಿ ನಡೆದ ಮನೋವೈದ್ಯರ ಸಭೆಯಲ್ಲಿ ಉಪನ್ಯಾಸ ಕೊಟ್ಟರು. ಸಭೆಯಲ್ಲಿ ಒಬ್ಬರೂ ಪ್ರಶ್ನೆ ಕೇಳಲಿಲ್ಲ. 1910ರಲ್ಲಿ ಎಮಿಲ್ ಕ್ರೇಪೆಲಿನ್ ತಮ್ಮ ಪಠ್ಯಪುಸ್ತಕದಲ್ಲಿ ಈ ಕಾಯಿಲೆಗೆ ಅಲ್ಝೈಮರ್ ಹೆಸರಿಟ್ಟರು. ಅಲ್ಲಿಂದ ಮುಂದೆ ಈ ಇತಿಹಾಸವೆಲ್ಲ ಮೆದುಳಿನದು, ಮಾತ್ರೆಗಳದ್ದು, ರೋಗಿಯದು.

ನನಗೆ ಕುತೂಹಲ ಇರೋದು ಕಾರ್ಲ್ ಬಗ್ಗೆ.

ಅಲ್ಝೈಮರ್ 1907ರಲ್ಲಿ ಪ್ರಕಟಿಸಿದ ಆ ಪುಟ್ಟ ಲೇಖನ ಓದಿದರೆ, ಈ ಕಾಯಿಲೆಯ ಇತಿಹಾಸದಲ್ಲಿ ದಾಖಲಾದ ಮೊಟ್ಟಮೊದಲ ಲಕ್ಷಣ ಮರೆವು ಅಲ್ಲ ಅನ್ನೋದು ಗೊತ್ತಾಗುತ್ತೆ. ಅದು ಗಂಡನ ಮೇಲಿನ ಸಂಶಯ. ಪಕ್ಕದ ಮನೆಯವಳ ಜೊತೆ ನಿನಗೇನೋ ಸಂಬಂಧ ಇದೆ ಅಂತ ಆಗುಸ್ಟೆ ಕಾರ್ಲ್‌ನ ಮೇಲೆ ಆರೋಪ ಹೊರಿಸಿದ್ದಳು. ಆಮೇಲೆ ಸಾಮಾನುಗಳನ್ನು ಬಚ್ಚಿಡೋದು, ಸ್ವಂತ ಮನೆಯಲ್ಲೇ ದಾರಿ ತಪ್ಪೋದು, ಯಾರೋ ತನ್ನನ್ನು ಕೊಲ್ಲೋಕೆ ಬರ್ತಿದ್ದಾರೆ ಅಂತ ಕಿರುಚೋದು. ಇಷ್ಟೆಲ್ಲ ನಡೆದದ್ದು ಆಸ್ಪತ್ರೆಯಲ್ಲಲ್ಲ, ಮನೆಯಲ್ಲಿ, ಕಾರ್ಲ್‌ನ ಕಣ್ಣೆದುರು. 28 ವರ್ಷ ಜೊತೆಗೆ ಬಾಳಿದವಳು ಒಂದು ದಿನ ಇದ್ದಕ್ಕಿದ್ದ ಹಾಗೆ ನೀನು ಮೋಸಗಾರ ಅಂದರೆ ಆ ಮನುಷ್ಯನಿಗೆ ರಾತ್ರಿ ನಿದ್ದೆ ಬಂದೀತಾ? ವೈದ್ಯಶಾಸ್ತ್ರದ ದಾಖಲೆಯಲ್ಲಿ ಅವನಿಗೆ ಸಿಕ್ಕಿದ್ದು ಒಂದು ಸಾಲಿನ ಜಾಗ, ಸಂಶಯಕ್ಕೆ ಗುರಿಯಾದ ಗಂಡ ಅಂತ.

ಕಾಯಿಲೆ ಬಿದ್ದವರ ಪಕ್ಕದಲ್ಲಿ ಕೂತ ಗಂಡ ಅಥವಾ ಹೆಂಡತಿ ಕಡೆ ಲೋಕ ತಿರುಗಿ ನೋಡೋಕೆ ಇನ್ನೂ ಎಪ್ಪತ್ತು ವರ್ಷ ಬೇಕಾಯಿತು. ಯಾಕೆ ಅಷ್ಟು ತಡ? ಒಂದು ಕಾರಣ ಆ ಹೆಸರಿನಲ್ಲೇ ಇತ್ತು. ಬಹುಕಾಲ ಅಲ್ಝೈಮರ್ಸ್ ಅಂದರೆ ಐವತ್ತು, ಅರವತ್ತರೊಳಗೆ ಬರುವ ಅಪರೂಪದ ಕಾಯಿಲೆ ಅಂತಲೇ ವೈದ್ಯರು ತಿಳಿದಿದ್ದರು. ಎಪ್ಪತ್ತೈದರ ಅಜ್ಜ ಮನೆ ದಾರಿ ಮರೆತರೆ ಅದು ಕಾಯಿಲೆಯಲ್ಲ, ಮುಪ್ಪು. ನಮ್ಮಲ್ಲಿ ಇದಕ್ಕೆ ಮಾತು ಹುಡುಕುವ ಕಷ್ಟವೇ ಇರಲಿಲ್ಲ, ಅರವತ್ತಕ್ಕೆ ಅರಳುಮರಳು ಅಂದುಬಿಡ್ತಿದ್ದೆವು. ಬೇಂದ್ರೆಯವರು ತಮ್ಮ ಅರವತ್ತರ ಆಸುಪಾಸಿನಲ್ಲಿ ಅದೇ ಪದವನ್ನು ತಮ್ಮ ಕವನ ಸಂಕಲನಕ್ಕೆ ಹೆಸರಾಗಿ ಇಟ್ಟರು. 1958ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತು. ಕವಿಗೆ ಆ ಪದದೊಳಗೆ ಅರಳುವುದು ಕಂಡಿರಬಹುದು. ಆದರೆ ಮನೆಯಲ್ಲಿ ಅರಳುಮರಳಾದ ಗಂಡನನ್ನು ನೋಡಿಕೊಳ್ಳುವ ಹೆಂಡತಿಗೆ ಈ ಗಾದೆಯಿಂದ ಒಂದು ನಷ್ಟವಾಯಿತು. ಇದು ವಯಸ್ಸಿನ ಸಹಜ ಗುಣ ಅಂದಮೇಲೆ ಅವಳು ಕಷ್ಟ ಅಂತ ಹೇಳೋದು ಹೇಗೆ? ಕಾಯಿಲೆಗಾದರೆ ನೆಂಟರು ಹಣ್ಣು ಹಿಡ್ಕೊಂಡು ನೋಡೋಕೆ ಬರ್ತಾರೆ. ಮುಪ್ಪನ್ನು ನೋಡೋಕೆ ಯಾರು ಬರ್ತಾರೆ?

1976ರಲ್ಲಿ ಅಮೆರಿಕದ ನರರೋಗ ತಜ್ಞ ರಾಬರ್ಟ್ ಕಾಟ್ಜ್‌ಮನ್ ಒಂದು ಸಂಪಾದಕೀಯ ಬರೆದರು. ಎರಡು ಪುಟದ್ದು, ಆದರೆ ದೊಡ್ಡ ಬದಲಾವಣೆ ತಂದದ್ದು. ಐವತ್ತರಲ್ಲಿ ಬರುವುದೂ ಎಂಬತ್ತರಲ್ಲಿ ಬರುವುದೂ ಒಂದೇ ಕಾಯಿಲೆ, ಇದು ಅಪರೂಪದ್ದಲ್ಲ, ಸಾವಿಗೆ ದೊಡ್ಡ ಕಾರಣಗಳಲ್ಲಿ ಒಂದು ಅನ್ನೋದು ಅವರ ವಾದ. ಒಂದೇ ಏಟಿಗೆ ಲಕ್ಷಾಂತರ ಮನೆಗಳ 'ಮುಪ್ಪು' ಕಾಯಿಲೆಯಾಯಿತು. ಆಗ ಆ ಮನೆಗಳಲ್ಲಿದ್ದ ಇನ್ನೊಬ್ಬರು ಬಾಯಿಬಿಟ್ಟರು.

ಷಿಕಾಗೋದ ಉದ್ಯಮಿ ಜೆರೋಮ್ ಸ್ಟೋನ್ ಅವರ ಹೆಂಡತಿ ಎವೆಲಿನ್‌ಗೆ ಈ ಕಾಯಿಲೆ ಪತ್ತೆಯಾಗಿದ್ದು 1970ರಲ್ಲಿ. ಹಣವಿತ್ತು, ಪ್ರಭಾವವಿತ್ತು. ಆದರೂ ಮುಂದೇನು ಅಂತ ಹೇಳುವವರು ಸಿಗಲಿಲ್ಲ. ತಮ್ಮಂಥದ್ದೇ ಕುಟುಂಬಗಳನ್ನು ಸೇರಿಸಿಕೊಂಡು 1980ರಲ್ಲಿ ಅವರು ಕಟ್ಟಿದ ಸಂಸ್ಥೆಯೇ ಇವತ್ತಿನ ಅಲ್ಝೈಮರ್ಸ್ ಅಸೋಸಿಯೇಷನ್. ಮರುವರ್ಷ ನ್ಯಾನ್ಸಿ ಮೇಸ್ ಮತ್ತು ಪೀಟರ್ ರೇಬಿನ್ಸ್ ಮನೆಮಂದಿಗಾಗಿ ಒಂದು ಕೈಪಿಡಿ ಬರೆದರು. ಅದರ ಹೆಸರು 'ದ 36-ಅವರ್ ಡೇ', ಮೂವತ್ತಾರು ಗಂಟೆಯ ದಿನ. ಈ ಕೆಲಸ ಮಾಡಿದ ಯಾರಿಗೂ ಆ ಹೆಸರನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅದೇ 1980ರಲ್ಲಿ ಇನ್ನೊಂದು ಘಟನೆ ನಡೆಯಿತು, ಸುದ್ದಿಯಾಗಲಿಲ್ಲ. ಲಾಸ್ ಏಂಜಲೀಸ್‌ನಲ್ಲಿ ಸ್ಟೀವನ್ ಝರಿಟ್ ಎಂಬ ಮನಃಶಾಸ್ತ್ರಜ್ಞ ತನ್ನ ಇಬ್ಬರು ಸಹೋದ್ಯೋಗಿಗಳ ಜೊತೆ, ಮರೆಗುಳಿ ವೃದ್ಧರನ್ನು ನೋಡಿಕೊಳ್ಳುತ್ತಿದ್ದ 29 ಮಂದಿಯನ್ನು ಕೂರಿಸಿಕೊಂಡು ಪ್ರಶ್ನೆ ಕೇಳಿದ. ರೋಗಿ ಹೇಗಿದ್ದಾರೆ ಅಂತ ಕೇಳಿ ಮುಗಿಸಲಿಲ್ಲ, ನೀವು ಹೇಗಿದ್ದೀರಿ ಅಂತಲೂ ಕೇಳಿದ. ಅವರ ಮೇಲೆ ಸಿಟ್ಟು ಬರುತ್ತಾ? ನಾಲ್ಕು ಜನರ ಮುಂದೆ ಮುಜುಗರ ಆಗುತ್ತಾ? ನಿಮಗಾಗಿ ಅಂತ ಸಮಯ ಉಳಿದಿದೆಯಾ? ಇನ್ನೂ ಹೆಚ್ಚು ಮಾಡಬೇಕಿತ್ತು ಅಂತ ಅನ್ನಿಸುತ್ತಾ? ಈ ಪ್ರಶ್ನೆಗಳ ಪಟ್ಟಿಯನ್ನು ಮುಂದೆ 22ಕ್ಕೆ ಇಳಿಸಿದರು. ಇವತ್ತಿಗೂ ಪ್ರಪಂಚದ ಎಲ್ಲೆಡೆ ವೈದ್ಯರು ಅದನ್ನು ಬಳಸ್ತಾರೆ.

ಬಂದ ಉತ್ತರ ಯಾರೂ ಊಹಿಸದೇ ಇದ್ದದ್ದು. ಕಾಯಿಲೆ ಜಾಸ್ತಿಯಾದಷ್ಟೂ ನೋಡಿಕೊಳ್ಳುವವರ ಮನಸ್ಸಿನ ಭಾರ ಜಾಸ್ತಿ ಅಂತ ನಾವು ಅಂದುಕೊಳ್ತೀವಿ, ಅಲ್ವಾ? ಹಾಗಿರಲಿಲ್ಲ. ರೋಗಿಯ ಮರೆವು ಎಷ್ಟು, ರಂಪ ಎಷ್ಟು ಅನ್ನೋದಕ್ಕೂ ಭಾರಕ್ಕೂ ಸಂಬಂಧ ಕಾಣಲಿಲ್ಲ. ಸಂಬಂಧ ಕಂಡದ್ದು ಒಂದೇ ಒಂದು ವಿಷಯದ ಜೊತೆ: ಮನೆಯ ಉಳಿದವರು ಎಷ್ಟು ಸಲ ಬಂದು ಹೋಗ್ತಾರೆ ಅನ್ನೋದು. ಮಕ್ಕಳು, ಮೊಮ್ಮಕ್ಕಳು, ಅಣ್ಣತಮ್ಮಂದಿರು ಬಂದು ಹೋಗುವ ಮನೆಯಲ್ಲಿ ಭಾರ ಕಡಿಮೆ. ಯಾರೂ ಬಾರದ ಮನೆಯಲ್ಲಿ ಹೆಚ್ಚು.

ಅದು 29 ಜನರ ಸಣ್ಣ ಅಧ್ಯಯನ, ನಿಜ. ಆದರೆ ಆಮೇಲೆ ದೊಡ್ಡದೊಂದು ಪ್ರಯೋಗ ನಡೆಯಿತು. 1987ರಿಂದ ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಮೇರಿ ಮಿಟಲ್‌ಮನ್ ಮತ್ತು ಸಂಗಡಿಗರು, ಅಲ್ಝೈಮರ್ಸ್ ಬಂದವರ ಜೊತೆ ಮನೆಯಲ್ಲಿದ್ದ 406 ಗಂಡಂದಿರು, ಹೆಂಡತಿಯರನ್ನು ಸೇರಿಸಿಕೊಳ್ಳುತ್ತಾ ಹೋದರು. ಅರ್ಧದಷ್ಟು ಜನಕ್ಕೆ ಆರು ಸಲ ಆಪ್ತಸಮಾಲೋಚನೆ. ಗಮನಿಸಿ, ಆ ಆರರಲ್ಲಿ ನಾಲ್ಕು ಸಲ ಮನೆಯ ಉಳಿದವರೂ ಬಂದು ಕೂರಬೇಕು. ಆಮೇಲೆ ತಮ್ಮಂಥವರ ಜೊತೆ ಮಾತಾಡಲು ಒಂದು ಗುಂಪು, ಬೇಕೆಂದಾಗ ಫೋನಿನಲ್ಲಿ ಸಲಹೆ. ಹೊಸ ಔಷಧಿ ಏನೂ ಇಲ್ಲ. 2006ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಈ ನೆರವು ಸಿಕ್ಕ ಮನೆಗಳಲ್ಲಿ ರೋಗಿಯನ್ನು ಆರೈಕೆ ಕೇಂದ್ರಕ್ಕೆ ಸೇರಿಸುವ ದಿನ ಸುಮಾರು 557 ದಿನ ಮುಂದಕ್ಕೆ ಹೋಯಿತು. ಒಂದೂವರೆ ವರ್ಷ! ನೋಡಿಕೊಳ್ಳುವವರಲ್ಲಿ ಖಿನ್ನತೆಯೂ ಕಡಿಮೆಯಾಗಿತ್ತು.

ಈ ಭಾರ ಬರೀ ಮನಸ್ಸಿನದು, ಗಟ್ಟಿ ಮನಸ್ಸು ಮಾಡಿಕೊಂಡರೆ ಆಯ್ತು ಅನ್ನುವವರು ನಮ್ಮಲ್ಲಿ ಇದ್ದೇ ಇರ್ತಾರೆ. ಅಂಥವರಿಗೆ 1995ರ ಒಂದು ಪ್ರಯೋಗದ ಬಗ್ಗೆ ಹೇಳಬೇಕು. ಅಮೆರಿಕದ ಓಹಾಯೋದಲ್ಲಿ ಜಾನಿಸ್ ಕೀಕೋಲ್ಟ್-ಗ್ಲೇಸರ್ ಮತ್ತು ತಂಡದವರು, ಮರೆವಿನ ಕಾಯಿಲೆಯವರನ್ನು ನೋಡಿಕೊಳ್ಳುತ್ತಿದ್ದ 13 ಹೆಂಗಸರ ತೋಳಿನ ಮೇಲೆ 3.5 ಮಿಲಿಮೀಟರಿನ ಪುಟ್ಟ ಗಾಯ ಮಾಡಿದರು. ಅದೇ ವಯಸ್ಸಿನ, ಆ ಜವಾಬ್ದಾರಿ ಇಲ್ಲದ 13 ಹೆಂಗಸರಿಗೂ ಅದೇ ಗಾಯ. ಎರಡನೇ ಗುಂಪಿನವರಿಗೆ ಗಾಯ ಮಾಯಲು ಸರಾಸರಿ 39.3 ದಿನ ಹಿಡಿಯಿತು. ಮೊದಲ ಗುಂಪಿಗೆ 48.7 ದಿನ. ಅಂದರೆ ಆ ಮನೆಗಳಲ್ಲಿ ಚರ್ಮ ಕೂಡ ದಣಿದಿತ್ತು.

ದಣಿವಿಗೆ ಕಾರಣ ಬರೀ ಕೆಲಸ ಅಲ್ಲ, ದುಃಖ. ಅದೂ ಹೆಸರಿಲ್ಲದ ದುಃಖ. ಇದಕ್ಕೆ ಹೆಸರು ಕೊಟ್ಟವರು ಪಾಲಿನ್ ಬಾಸ್. 1970ರ ದಶಕದಲ್ಲಿ ಅವರು ಅಧ್ಯಯನ ಮಾಡ್ತಿದ್ದದ್ದು ವಿಯೆಟ್ನಾಂ ಯುದ್ಧದಲ್ಲಿ ಕಾಣೆಯಾದ ಪೈಲಟ್‌ಗಳ ಕುಟುಂಬಗಳನ್ನು. ಗಂಡ ಸತ್ತಿದ್ದಾನೆ ಅಂತ ಅಳುವ ಹಾಗಿಲ್ಲ, ಬದುಕಿದ್ದಾನೆ ಅಂತ ನಂಬುವ ಹಾಗೂ ಇಲ್ಲ. ಮನಸ್ಸಿನಲ್ಲಿ ಅವನಿದ್ದಾನೆ, ಮನೆಯಲ್ಲಿಲ್ಲ. ಮುಂದೆ ಅಲ್ಝೈಮರ್ಸ್ ಇರುವ ಮನೆಗಳನ್ನು ನೋಡಿದಾಗ ಬಾಸ್‌ಗೆ ಇದರದ್ದೇ ಮಗ್ಗುಲು ಬದಲಿಸಿದ ರೂಪ ಕಂಡಿತು. ಇಲ್ಲಿ ಗಂಡ ಮನೆಯಲ್ಲಿದ್ದಾನೆ, ಪಕ್ಕದ ಕುರ್ಚಿಯಲ್ಲೇ ಕೂತಿದ್ದಾನೆ, ಆದರೆ ಅವನು ಇಲ್ಲ. ಇದ್ದೂ ಇಲ್ಲದ, ಕೊನೆಯೂ ಕಾಣದ ಈ ಅಗಲಿಕೆಯೇ ಅತಿ ಕಷ್ಟದ್ದು ಅಂತ ಅವರು 1999ರಲ್ಲಿ ಒಂದು ಪುಸ್ತಕವನ್ನೇ ಬರೆದರು.

ಇದನ್ನು ನಮ್ಮ ಮನೆಗಳಿಗೆ ಹೊಂದಿಸಿ ನೋಡಿ. ಸಾವಾದರೆ ನಮ್ಮಲ್ಲಿ ಒಂದು ಕ್ರಮ ಇದೆ. ಸುದ್ದಿ ಕೇಳಿದ ತಕ್ಷಣ ಜನ ಬರ್ತಾರೆ. ಪಕ್ಕದ ಮನೆಯವರು ಕಾಫಿ, ತಿಂಡಿ ಕಳಿಸ್ತಾರೆ. ಹತ್ತನೇ ದಿನ, ಹನ್ನೊಂದನೇ ದಿನ, ವೈಕುಂಠ ಸಮಾರಾಧನೆ, ಆಮೇಲೆ ವರ್ಷಕ್ಕೊಂದು ತಿಥಿ. ಜಾತಿಗೆ ತಕ್ಕ ಹಾಗೆ ಹೆಸರು, ದಿನ ಬದಲಾಗಬಹುದು, ಆದರೆ ದುಃಖಕ್ಕೆ ಒಂದು ಕ್ಯಾಲೆಂಡರ್ ಇದ್ದೇ ಇದೆ. ದೂರದ ಚಿಕ್ಕಪ್ಪನೂ ರಜಾ ಹಾಕಿ ಬರ್ತಾನೆ. ಮರೆವಿನ ಕಾಯಿಲೆಯಲ್ಲಿ ನಡೆಯೋದು ಇದರ ತದ್ವಿರುದ್ಧ. ಮೊದಲ ವರ್ಷ ಬಂದ ಗೆಳೆಯರು, ತಮ್ಮ ಗುರುತು ಸಿಗಲಿಲ್ಲ ಅಂತ ಬೇಜಾರಾಗಿ ಎರಡನೇ ವರ್ಷ ಬರಲ್ಲ. ಮದುವೆ ಮನೆಗೆ ಕರೆದುಕೊಂಡು ಹೋದರೆ ಏನು ಮಾಡಿಬಿಡ್ತಾರೋ ಅಂತ ಅಮ್ಮ ತಾನೇ ಹೋಗೋದು ಬಿಡ್ತಾಳೆ. ಝರಿಟ್ ಕಂಡುಕೊಂಡ ಒಂದೇ ಒಂದು ಔಷಧಿ, ಮನೆಗೆ ಬರುವ ಜನ, ಅದೇ ಮೊದಲು ಖಾಲಿಯಾಗುತ್ತೆ.

ಹೀಗೆ ಒಂಟಿಯಾದವರೊಳಗೆ ಏನೇನು ನಡೆಯುತ್ತೆ ಅನ್ನೋದನ್ನು ಕೆಲವರು ಧೈರ್ಯ ಮಾಡಿ ಹೊರಗಿಟ್ಟಿದ್ದಾರೆ. ಕಾದಂಬರಿಗಾರ್ತಿ ಐರಿಸ್ ಮರ್ಡಾಕ್ ಅವರ ಗಂಡ, ಆಕ್ಸ್‌ಫರ್ಡ್‌ನಲ್ಲಿ ಸಾಹಿತ್ಯ ಕಲಿಸುತ್ತಿದ್ದ ಜಾನ್ ಬೇಯ್ಲಿ, ಹೆಂಡತಿ ಬದುಕಿದ್ದಾಗಲೇ 1998ರಲ್ಲಿ ಅವಳ ಕಾಯಿಲೆಯ ಬಗ್ಗೆ ಪುಸ್ತಕ ಬರೆದರು. ತತ್ವಶಾಸ್ತ್ರ ಬೋಧಿಸಿದ್ದ ಹೆಂಡತಿಯ ಜೊತೆ ಕೂತು ಪುಟ್ಟ ಮಕ್ಕಳ ಟಿವಿ ಕಾರ್ಯಕ್ರಮ ಟೆಲಿಟಬ್ಬೀಸ್ ನೋಡಿದ್ದನ್ನೂ, ತನಗೆ ಬರುತ್ತಿದ್ದ ಕೋಪವನ್ನೂ ಮುಚ್ಚಿಡಲಿಲ್ಲ. ಅವಳು ಬದುಕಿರುವಾಗಲೇ ಇದನ್ನೆಲ್ಲ ಬರೆಯಬಹುದಿತ್ತಾ ಅಂತ ಟೀಕೆಯೂ ಬಂತು, ಆ ಪ್ರಶ್ನೆಯಲ್ಲಿ ನ್ಯಾಯವೂ ಇದೆ. ಆದರೆ ಪ್ರೀತಿ ಇರೋ ಕಡೆಯೇ ಸಿಟ್ಟೂ ಇರುತ್ತೆ, ಎರಡೂ ಒಂದೇ ದಿನ, ಒಂದೇ ಗಂಟೆಯಲ್ಲಿ ಬರುತ್ತೆ ಅನ್ನೋದನ್ನು ಅಷ್ಟು ಬಿಚ್ಚಿ ಹೇಳಿದ ಗಂಡಂದಿರು ಕಡಿಮೆ.

ಇನ್ನೊಬ್ಬರು ಸಾಂಡ್ರಾ ಡೇ ಓ'ಕಾನರ್, ಅಮೆರಿಕದ ಸುಪ್ರೀಂ ಕೋರ್ಟಿನ ಮೊದಲ ಮಹಿಳಾ ನ್ಯಾಯಮೂರ್ತಿ. 1952ರಲ್ಲಿ ಮದುವೆಯಾದ ಗಂಡ ಜಾನ್‌ಗೆ ಅಲ್ಝೈಮರ್ಸ್. ಜೀವನಪರ್ಯಂತ ಇರಬಹುದಾಗಿದ್ದ ಹುದ್ದೆ ಬಿಟ್ಟು 2006ರ ಜನವರಿಯಲ್ಲಿ ಆಕೆ ನಿವೃತ್ತರಾದರು. ಆದರೂ ಕೊನೆಗೆ ಜಾನ್‌ನನ್ನು ಆರೈಕೆ ಕೇಂದ್ರಕ್ಕೆ ಸೇರಿಸಬೇಕಾಯಿತು. ಅಲ್ಲಿ ಜಾನ್‌ಗೆ ಇನ್ನೊಬ್ಬ ರೋಗಿಯ ಮೇಲೆ ಪ್ರೀತಿ ಹುಟ್ಟಿತು. ಅವರಿಬ್ಬರೂ ಕೈಕೈ ಹಿಡಿದು ಕೂತಿರ್ತಿದ್ದರು. 2007ರಲ್ಲಿ ಈ ವಿಷಯವನ್ನು ಟಿವಿಯಲ್ಲಿ ಹೇಳಿದ್ದು ಅವರ ಮಗನೇ. ಅಪ್ಪ ಅಲ್ಲಿ ನೆಮ್ಮದಿಯಾಗಿರೋದು ನೋಡಿ ಅಮ್ಮನಿಗೂ ಸಮಾಧಾನ ಆಗಿದೆ ಅಂತ. ಐವತ್ತೈದು ವರ್ಷದ ಸಂಸಾರ ಮಾಡಿದ ಹೆಂಗಸು ಆ ದೃಶ್ಯ ನೋಡಿ ಸಮಾಧಾನಪಟ್ಟುಕೊಳ್ಳಬೇಕಾದರೆ ಎಷ್ಟು ದಾರಿ ನಡೆದಿರಬೇಕು, ಯೋಚಿಸಿ. ಆಗುಸ್ಟೆಯ ಕತೆ ಶುರುವಾಗಿದ್ದು ಇಲ್ಲದ ಇನ್ನೊಬ್ಬಳ ಸಂಶಯದಿಂದ. ಇಲ್ಲಿ ಇನ್ನೊಬ್ಬಳು ನಿಜವಾಗಿಯೂ ಇದ್ದಳು, ಹೆಂಡತಿ ಸಿಟ್ಟಾಗಲಿಲ್ಲ. ಓ'ಕಾನರ್ 2008ರಲ್ಲಿ ಸೆನೆಟ್ ಸಮಿತಿಯ ಮುಂದೆ ಹೋಗಿ, ಈ ಕಾಯಿಲೆ ಇಡೀ ಕುಟುಂಬವನ್ನು ಹಿಡಿಯುತ್ತೆ ಅಂತ ವಾದಿಸಿದರು. ಹತ್ತು ವರ್ಷದ ನಂತರ ತಮಗೂ ಮರೆವಿನ ಕಾಯಿಲೆ ಇದೆ ಅಂತ ತಾವೇ ಪ್ರಕಟಿಸಿದರು.

ಇದೆಲ್ಲ ಅಮೆರಿಕ, ಇಂಗ್ಲೆಂಡ್ ಕತೆಯಾಯ್ತು, ನಮ್ಮ ಕಡೆ? 1992ರಲ್ಲಿ ಕೇರಳದಲ್ಲಿ ಡಾ. ಜೇಕಬ್ ರಾಯ್ ಮುಂದಾಳತ್ವದಲ್ಲಿ ಎ.ಆರ್.ಡಿ.ಎಸ್.ಐ. ಎಂಬ ಸಂಸ್ಥೆ ಶುರುವಾಯಿತು. ಬೆಂಗಳೂರಿನಲ್ಲಿ ನೈಟಿಂಗೇಲ್ಸ್ ಟ್ರಸ್ಟ್ ಇದೆ, ನಿಮ್ಹಾನ್ಸ್ ಇದೆ. ನಮ್ಮ ನೆರೆಯ ಗೋವಾದಲ್ಲಿ ಅಮಿತ್ ಡಯಾಸ್, ವಿಕ್ರಂ ಪಟೇಲ್ ಮೊದಲಾದವರು 81 ಕುಟುಂಬಗಳ ಜೊತೆ ಒಂದು ಪ್ರಯೋಗ ಮಾಡಿ 2008ರಲ್ಲಿ ಪ್ರಕಟಿಸಿದರು. ಸ್ಥಳೀಯರಿಗೇ ತರಬೇತಿ ಕೊಟ್ಟು ಆರು ತಿಂಗಳ ಕಾಲ ಈ ಮನೆಗಳಿಗೆ ಕಳಿಸೋದು. ಅವರು ಹೋಗಿ ಇದು ಕಾಯಿಲೆ ಅಂತ ತಿಳಿಸಿ ಹೇಳ್ತಿದ್ದರು, ರಂಪ ಮಾಡಿದಾಗ ಏನು ಮಾಡಬೇಕು ಅಂತ ತೋರಿಸ್ತಿದ್ದರು, ನೋಡಿಕೊಳ್ಳುವವರ ಮಾತು ಕೇಳ್ತಿದ್ದರು. ಅಷ್ಟಕ್ಕೇ ನೋಡಿಕೊಳ್ಳುವವರ ಮನಸ್ಸಿನ ಆರೋಗ್ಯ ಸುಧಾರಿಸಿತು. ಲಾಸ್ ಏಂಜಲೀಸ್‌ನಲ್ಲಿ ಸಿಕ್ಕ ಉತ್ತರವೇ ಗೋವಾದಲ್ಲೂ ಸಿಕ್ಕಿತು: ಯಾರೋ ಒಬ್ಬರು ಬಾಗಿಲು ತಟ್ಟಬೇಕು.

2023ರಲ್ಲಿ ಪ್ರಕಟವಾದ ಅಂದಾಜಿನಂತೆ ಭಾರತದಲ್ಲಿ ಅರವತ್ತು ದಾಟಿದವರಲ್ಲಿ 7.4 ಶೇಕಡಾ, ಅಂದರೆ ಸುಮಾರು 88 ಲಕ್ಷ ಜನಕ್ಕೆ ಡಿಮೆನ್ಷಿಯಾ ಇದೆ. ಅವರನ್ನು ನೋಡಿಕೊಳ್ಳೋರು ಯಾರು? ನಮ್ಮ ಸಿನಿಮಾ ಕೂಡ ಈ ಕತೆಯನ್ನು ಮಗನ ಕಣ್ಣಲ್ಲೇ ನೋಡಿದೆ. 2016ರ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' ನೆನಪಿದೆಯಲ್ಲ? ಕಳೆದುಹೋದ ಅಪ್ಪನಾಗಿ ಅನಂತ್ ನಾಗ್, ಹುಡುಕುವ ಮಗನಾಗಿ ರಕ್ಷಿತ್ ಶೆಟ್ಟಿ. ಚೆಂದದ ಸಿನಿಮಾ, ನಾನೂ ಅತ್ತಿದ್ದೀನಿ. ಅದರಲ್ಲಿ ಹೆಂಡತಿ ಆಗಲೇ ತೀರಿಕೊಂಡಿದ್ದಾಳೆ. ಆದರೆ ನಮ್ಮ ಬಹಳ ಮನೆಗಳಲ್ಲಿ ಹೆಂಡತಿ ಬದುಕಿದ್ದಾಳೆ, ಅವಳಿಗೂ ಎಪ್ಪತ್ತು, ಮಂಡಿ ನೋವು, ಬಿಪಿ ಮಾತ್ರೆ. ರಾತ್ರಿ ಎರಡು ಗಂಟೆಗೆ ಗಂಡ ಎದ್ದು, ಆಫೀಸಿಗೆ ಹೊತ್ತಾಯ್ತು ಅಂತ ಪ್ಯಾಂಟು ಹಾಕಿಕೊಳ್ತಾನೆ. ಇವಳು ಬಾಗಿಲಿಗೆ ಅಡ್ಡ ನಿಲ್ತಾಳೆ. ನೀನ್ಯಾರು ಕೇಳೋಕೆ ಅಂತಾನೆ. ಐವತ್ತು ವರ್ಷ ಹೆಸರು ಹಿಡಿಯದೆ 'ಇವ್ರು' ಅಂತಲೇ ಕರೆದ ಮನುಷ್ಯನಿಗೆ ಅವಳು ಅದಕ್ಕೆ ಏನಂತ ಉತ್ತರ ಕೊಡಬೇಕು? ಕೆಲವು ಮನೆಗಳಲ್ಲಿ ಇದು ತಿರುಗಾಮುರುಗಾ. ಅಡುಗೆಮನೆಗೆ ಕಾಲಿಡದ ಗಂಡ ಎಪ್ಪತ್ತೆರಡಕ್ಕೆ ಅನ್ನ ಮಾಡೋಕೆ, ಹೆಂಡತಿಗೆ ಜಡೆ ಹಾಕೋಕೆ ಕಲೀತಾನೆ. ಅವನನ್ನು ಊರೆಲ್ಲ ದೇವರಂಥ ಗಂಡ ಅಂತ ಹೊಗಳುತ್ತೆ. ಅವಳು ಅದನ್ನೇ ಮಾಡಿದರೆ ಅದು ಹೆಂಡತಿಯ ಕರ್ತವ್ಯ, ಹೊಗಳಿಕೆಯೂ ಇಲ್ಲ, ರಜೆಯೂ ಇಲ್ಲ.

ಇಬ್ಬರಿಗೂ ಈ ಇತಿಹಾಸದಿಂದ ಸಿಗುವ ಮಾತು ಒಂದೇ. ಸಿಟ್ಟು ಬಂದರೆ ನೀವು ಕೆಟ್ಟವರಲ್ಲ. ಸುಮ್ಮನೆ ಎಲ್ಲಾದರೂ ಹೋಗಿಬಿಡೋಣ ಅಂತ ಅನ್ನಿಸಿದರೆ ಪ್ರೀತಿ ಕಡಿಮೆಯಾಯ್ತು ಅಂತಲ್ಲ. ಅನ್ನಿಸದೇ ಇದ್ದಿದ್ದರೆ ಝರಿಟ್ ಆ ಪ್ರಶ್ನೆಗಳನ್ನು ಬರೆಯುವ ಅಗತ್ಯವೇ ಇರ್ತಿರಲಿಲ್ಲ. ಬದುಕಿರುವವರಿಗಾಗಿ ಅಳೋದು ಅಪಶಕುನವಲ್ಲ. ಸಂಶಯದ ಮಾತಿಗೆ ಸಾಕ್ಷಿ ಸಮೇತ ವಾದ ಮಾಡಿ ಪ್ರಯೋಜನವಿಲ್ಲ, ಆ ಮಾತು ಆಡಿಸುತ್ತಿರೋದು ಕಾಯಿಲೆ. ಜೊತೆಗೆ ಕೂತು ಹಳೇ ರಾಜ್‌ಕುಮಾರ್ ಹಾಡು ಕೇಳುವ ಹದಿನೈದು ನಿಮಿಷ ಚೆನ್ನಾಗಿದ್ದರೆ ಆ ಹದಿನೈದು ನಿಮಿಷ ನಿಮ್ಮಿಬ್ಬರದೂ ಹೌದು. ಬದುಕೇ ಬೇಡ ಅನ್ನಿಸುವ ಮಟ್ಟಕ್ಕೆ ಹೋದರೆ ಮಾತ್ರ ಕಾಯಬೇಡಿ. 14416, ಟೆಲಿ ಮಾನಸ್, ಸರ್ಕಾರದ ಉಚಿತ ಸಹಾಯವಾಣಿ, ಕನ್ನಡದಲ್ಲೂ ಮಾತಾಡ್ತಾರೆ.

ಆದರೆ ಇದನ್ನು ಓದ್ತಿರುವ ನೀವು ಬಹುಶಃ ಆ ಗಂಡ ಅಥವಾ ಹೆಂಡತಿ ಅಲ್ಲ, ಅವರ ಮಗ ಅಥವಾ ಮಗಳು. ಮನೆ ಶಿವಮೊಗ್ಗದಲ್ಲೋ ಧಾರವಾಡದಲ್ಲೋ, ನೀವು ಬೆಂಗಳೂರಲ್ಲಿ, ಇಲ್ಲಾ ಇನ್ನೂ ದೂರದಲ್ಲಿ. ತಿಂಗಳಿಗೆ ದುಡ್ಡು ಕಳಿಸ್ತೀರಿ, ಆನ್‌ಲೈನಲ್ಲಿ ಡೈಪರ್ ಆರ್ಡರ್ ಮಾಡ್ತೀರಿ, ಡಾಕ್ಟರ ಅಪಾಯಿಂಟ್‌ಮೆಂಟ್ ನೋಡ್ತೀರಿ, ಪ್ರತಿ ಭಾನುವಾರ ವಿಡಿಯೋ ಕಾಲ್ ಮಾಡಿ ಅಪ್ಪ ಹೇಗಿದ್ದಾರೆ ಅಂತ ಕೇಳ್ತೀರಿ. ಇದೆಲ್ಲ ಬೇಕು. ಆದರೆ ಝರಿಟ್ ಎಣಿಸಿದ್ದು ಫೋನ್ ಕರೆಗಳನ್ನಲ್ಲ, ಮನೆಗೆ ಬಂದವರನ್ನು.

ಹಾಗಾಗಿ ತಿಂಗಳಿಗೊಂದು ಶುಕ್ರವಾರ ರಾತ್ರಿ ಬಸ್ ಹತ್ತಿ. ಅಪ್ಪನಿಗೆ ನಿಮ್ಮ ಗುರುತು ಸಿಗದೇ ಹೋಗಬಹುದು, ಪರವಾಗಿಲ್ಲ, ಆ ಸಲ ನೀವು ಹೋಗಿರೋದು ಅಮ್ಮನಿಗೋಸ್ಕರ. ಶನಿವಾರ ಬೆಳಿಗ್ಗೆ ಅವಳನ್ನು ಅವಳ ಅಕ್ಕನ ಮನೆಗೆ ಕಳಿಸಿ, ಎರಡು ದಿನ ಇದ್ದು ಬರಲಿ. ಅಪ್ಪನಿಗೆ ಸ್ನಾನ ಮಾಡಿಸೋದು ಹೇಗೆ, ಮಾತ್ರೆ ಯಾವ ಹೊತ್ತಿಗೆ, ಬಾಗಿಲ ಚಿಲಕ ಎಲ್ಲಿ ಮೇಲೆ ಹಾಕಿದ್ದಾಳೆ ಅನ್ನೋದನ್ನೆಲ್ಲ ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಅವಳು ಹೊರಡಲ್ಲ ಅಂತಾಳೆ, ಇವರನ್ನು ಬಿಟ್ಟು ನಾನು ಹೇಗೆ ಹೋಗಲಿ ಅಂತಾಳೆ. ಆಗ ಚಪ್ಪಲಿ ಹಾಕಿಸಿ ಆಟೋ ಹತ್ತಿಸುವ ಕೆಲಸ ನಿಮ್ಮದು. ಹತ್ತಿಸುವ ಮುಂಚೆ ಒಂದು ಸಲ ಕೇಳಿ: 'ನೀನು ಹೇಗಿದ್ದೀಯಮ್ಮ?' ಚೆನ್ನಾಗಿದ್ದೀನಿ ಬಿಡೋ ಅಂತಾಳೆ. ಇನ್ನೊಂದು ಸಲ ಕೇಳಿ.